ಕಡಲು ಕಾಣದ ಬಂದರು

ಕೊಲ್ಲೂರು ಮುಗಿಸಿ ಮುರುಡೇಶ್ವರಕ್ಕೆ ಹೊರಟವರೆಲ್ಲ ಭಟ್ಕಳವನ್ನು ದಾಟಿಯೇ ಹೋಗಬೇಕು. ದಾಟುತ್ತಾರೆ, ಅಷ್ಟೆ. ಶಂಸುದ್ದೀನ್ ಸರ್ಕಲ್ಲಿನಲ್ಲಿ ಬಸ್ಸು ನಿಂತಷ್ಟು ಹೊತ್ತು ಕಿಟಕಿಯಾಚೆ ಕಣ್ಣು ಹಾಯಿಸಿ, ಬಟ್ಟೆಯಂಗಡಿ, ಬೇಕರಿ, ಅತ್ತರಿನ ಅಂಗಡಿಗಳ ಫಲಕ ಓದಿ, ಆಮೇಲೆ ‘ಭಟ್ಕಳ ನೋಡಿದ್ದೇವೆ’ ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಹೆದ್ದಾರಿಯಿಂದ ಕಡಲು ಕಾಣುವುದಿಲ್ಲ. ಪೇಟೆಯೊಳಗೆ ಹೊಕ್ಕರೂ ಕಾಣುವುದಿಲ್ಲ. ವಿಜಯನಗರದ ಅರಸರಿಗೆ ಪರ್ಷಿಯಾ, ಅರೇಬಿಯಾಗಳ ಕುದುರೆ ಇಳಿಸಿಕೊಟ್ಟ ಬಂದರು ಇದೇ ಎಂದು ಯಾರಾದರೂ ಹೇಳಿದರೆ, ಸಾಕ್ಷಿಗೆಂದು ತೋರಿಸಲು ಒಂದು ದೋಣಿಯೂ ಎದುರಿಗಿರುವುದಿಲ್ಲ.

ದಸರಾ ರಜೆಯಲ್ಲಿ ಒಂದು ದಿನ ಎಲ್ಲಾದರೂ ಹೋಗಿ ಬರೋಣವೆಂದು ಮನೆಯಲ್ಲಿ ಮಾತೆದ್ದಾಗ ಮಗನಿಗೆ ಬೇಕಿದ್ದುದು ಮುರುಡೇಶ್ವರದ 123 ಅಡಿಯ ಶಿವ. ಪಿಯುಸಿ ಓದುವ ಮಗಳಿಗೆ ಎಲ್ಲಿಗೂ ಬೇಡ, ಮನೆಯಲ್ಲಿ ನಿದ್ದೆ ಬೇಕು. ಅತ್ತೆಗೆ ಎಲ್ಲಿಗಾದರೂ ಸರಿ, ಹೊತ್ತಿಗೆ ಸರಿಯಾಗಿ ಊಟ ಸಿಕ್ಕರಾಯಿತು. ನಾನು ಭಟ್ಕಳ ಎಂದೆ. ‘ಅಲ್ಲೇನಿದೆ?’ ಎಂದು ಗಂಡನೂ ಸೇರಿ ನಾಲ್ಕೂ ಜನ ಒಟ್ಟಿಗೇ ಕೇಳಿದರು. ಕೊನೆಗೆ ಹೊತ್ತು ಉಳಿದರೆ ಮುರುಡೇಶ್ವರ ಎಂಬ ಕರಾರಿನ ಮೇಲೆ ಒಪ್ಪಂದವಾಯಿತು. ಹೊತ್ತು ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಭಟ್ಕಳವನ್ನು ನೋಡಬೇಕೆಂದರೆ ಹೆದ್ದಾರಿ ಬಿಟ್ಟು ಘಟ್ಟದ ಕಡೆಯಿಂದ ಇಳಿದು ಬರಬೇಕು ಎನ್ನುವುದು ನನ್ನ ಹಟ. ಬಂದರು ಎಂದ ಕೂಡಲೇ ನಾವು ಹಡಗು, ಅಲೆ, ದೀಪಸ್ತಂಭಗಳ ಕಡೆಗೆ ನೋಡುತ್ತೇವೆ. ಹಡಗಿನವನು ಬಂದು ನಿಲ್ಲುವುದು ಬೆನ್ನ ಹಿಂದಿನ ಸೀಮೆಯ ಸರಕಿಗಾಗಿ. ಘಟ್ಟದ ಮೇಲೆ ಮೆಣಸು ಬೆಳೆಯದಿದ್ದರೆ, ಕೊಳ್ಳುವ ದೊರೆ ಇಲ್ಲದಿದ್ದರೆ, ಎಷ್ಟು ಒಳ್ಳೆಯ ಅಳಿವೆಯಾದರೂ ಅದು ಬರೀ ಮೀನು ಹಿಡಿಯುವ ಜಾಗ. ಆದ್ದರಿಂದ ಸಾಗರದಿಂದ ಕಾರ್ಗಲ್ ದಾಟಿ ಕೋಗಾರ ಘಟ್ಟದ ದಾರಿ ಹಿಡಿದೆವು. ಸಾಗರ ಎಂದರೆ ಪಕ್ಕದಲ್ಲೇ ಇಕ್ಕೇರಿ, ಕೆಳದಿ. ಭಟ್ಕಳದ ಮೇಲೆ ಒಂದೂವರೆ ಶತಮಾನ ಹಿಡಿತವಿಟ್ಟ ನಾಯಕರ ಊರಿನಿಂದ ಅವರ ಬಂದರಿಗೆ ಇಳಿಯುವುದು ಅಡ್ಡದಾರಿಯೇನೂ ಅಲ್ಲ.

ರಸ್ತೆ ಕಿರಿದು. ಎದುರಿನಿಂದ ಬಸ್ಸು ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ಎರಡೂ ಬದಿಗೆ ಶರಾವತಿ ಕಣಿವೆಯ ಕಾಡು, ಸಿಂಗಳೀಕಗಳ ನಾಡು. ಮಳೆಗಾಲದ ಹಸಿರು ಇನ್ನೂ ಆರಿರಲಿಲ್ಲ. ಗೋಡೆಯಂತೆ ಕಡಿದ ಮಣ್ಣಿನ ಮೇಲೆಲ್ಲ ಪಾಚಿ, ಜರಿಗಿಡ. ತಿರುವು ಇಳಿದಂತೆ ಕಿವಿ ಮುಚ್ಚಿಕೊಂಡು, ಗಾಳಿ ದಪ್ಪವಾಗಿ, ಅಂಗಿ ಬೆನ್ನಿಗೆ ಅಂಟತೊಡಗಿತು. ಘಟ್ಟದ ಕೆಳಗಿನ ಸೆಕೆಗೆ ಮಲೆನಾಡಿನವರು ಹಾಕುವ ಶಾಪವನ್ನೆಲ್ಲ ಅತ್ತೆ ಹಾಕಿ ಮುಗಿಸುವ ಹೊತ್ತಿಗೆ ಹಾಡುವಳ್ಳಿ ಬಂತು.

ಈಗ ಹಾಡುವಳ್ಳಿ ಅಡಿಕೆ ತೋಟಗಳ ನಡುವಿನ ಸದ್ದಿಲ್ಲದ ಹಳ್ಳಿ. ಸಂಗೀತಪುರ ಎಂಬ ಹೆಸರಿನಲ್ಲಿ ಇದು ಸಾಳುವ ಅರಸರ ರಾಜಧಾನಿಯಾಗಿತ್ತು, ಭಟ್ಕಳ ಅವರ ಕೈಕೆಳಗಿತ್ತು. ಗೇರುಸೊಪ್ಪೆ, ಹಾಡುವಳ್ಳಿ ಎರಡನ್ನೂ ಆಳಿದ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಪಟ್ಟದಲ್ಲಿದ್ದಳು. ಐವತ್ತನಾಲ್ಕು ವರ್ಷ! ಆ ಕಾಲದ ಹೆಂಗಸೊಬ್ಬಳು ಅಷ್ಟು ದೀರ್ಘವಾಗಿ ಆಳಿದ್ದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಒಂದು ಸಾಲಿಗೆ ಮುಗಿಯುತ್ತದೆ. ಪೋರ್ಚುಗೀಸರಿಗೆ ಅವಳು ‘ಮೆಣಸಿನ ರಾಣಿ’. ಅವರೊಡನೆ ಜಗಳವಾಡಿದಳು, ವ್ಯಾಪಾರವನ್ನೂ ಮಾಡಿದಳು. ಕೊನೆಗೆ ಅವಳನ್ನು ಸೋಲಿಸಿದವರು ಪರಂಗಿಗಳಲ್ಲ, ನಮ್ಮ ಕೆಳದಿಯ ವೆಂಕಟಪ್ಪ ನಾಯಕ. ಕೊನೆಯ ದಿನಗಳನ್ನು ಅವಳು ಇಕ್ಕೇರಿಯ ಸೆರೆಯಲ್ಲಿ ಕಳೆದಳು ಎನ್ನುತ್ತಾರೆ. ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಕಾದಂಬರಿ ಬಂದ ಮೇಲೆ ಅವಳ ಹೆಸರು ಮನೆಮನೆಗೆ ತಲುಪಿದೆ, ಒಳ್ಳೆಯದಾಯಿತು. ಇದೇ ಹಾಡುವಳ್ಳಿಯ ಜೈನ ಪರಂಪರೆಯಿಂದ ಬಂದವನು ಭಟ್ಟಾಕಳಂಕ. ಕನ್ನಡ ಭಾಷೆಗೆ ಸಂಸ್ಕೃತದಲ್ಲಿ 592 ಸೂತ್ರ ಬರೆದು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಮುಗಿಸಿದ. ಅಂದರೆ ರಾಣಿ ರಾಜ್ಯ ಕಳೆದುಕೊಳ್ಳುವುದಕ್ಕೆ ಎರಡೇ ವರ್ಷ ಮೊದಲು. ಮೆಣಸಿನ ದುಡ್ಡು ಎಲ್ಲೆಲ್ಲಿಗೆ ಹರಿಯುತ್ತದೆ ನೋಡಿ.

ಕಲ್ಲಿನ ಮಾಡು

ಮೂಡಭಟ್ಕಳದಲ್ಲಿ ಕಾರು ನಿಲ್ಲಿಸಿದಾಗ ಮಗ ಮೊದಲು ಕೇಳಿದ್ದು ‘ದೇವಸ್ಥಾನ ಎಲ್ಲಿ?’ ಎಂದು. ಗೋಪುರ ಇಲ್ಲ, ಶಿಖರ ಇಲ್ಲ, ದೂರದಿಂದ ಕೈ ತೋರಿಸಿ ‘ಅಗೋ’ ಎನ್ನುವಂಥದ್ದು ಏನೂ ಇಲ್ಲ. ತೆಂಗು, ಗದ್ದೆ, ಮನೆಗಳ ನಡುವೆ ಮನೆಯಷ್ಟೇ ಎತ್ತರದ ಒಂದು ಕಟ್ಟಡ. ಹತ್ತಿರ ಹೋದ ಮೇಲೆ ಅದು ಪೂರ್ತಿ ಕಲ್ಲಿನದೆಂದು ತಿಳಿಯುತ್ತದೆ. ಮಾಡೂ ಕಲ್ಲಿನದೇ. ದೊಡ್ಡ ದೊಡ್ಡ ಚಪ್ಪಡಿಗಳನ್ನು ಇಳಿಜಾರಾಗಿ, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹೊದಿಸಿದ್ದಾರೆ. ಕರಾವಳಿಯ ಹುಲ್ಲುಮಾಡಿನ ಮನೆಯನ್ನು ಯಾರೋ ಇದ್ದಕ್ಕಿದ್ದಂತೆ ಕಲ್ಲಾಗಿಸಿದ ಹಾಗೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಾಗ ಇದು. 2022ರ ಆಗಸ್ಟ್‌ನಲ್ಲಿ ಒಂದೇ ದಿನ ಐನೂರು ಮಿಲಿಮೀಟರಿಗೂ ಹೆಚ್ಚು ಸುರಿದು, ಗುಡ್ಡ ಕುಸಿದು ಜೀವಹಾನಿಯಾಗಿತ್ತು. ಇಲ್ಲಿ ಚಪ್ಪಟೆ ಸೂರು ಹಾಕುವವನು ಮೂರ್ಖ. ಬಯಲುಸೀಮೆಯ ಗುಡಿಗಳ ಗತ್ತನ್ನೆಲ್ಲ ಬಿಟ್ಟು, ಮಳೆಯ ಮಾತಿಗೆ ತಲೆಬಾಗಿಸಿ ಕಟ್ಟಿದ್ದಾರೆ. ಮೂಡುಬಿದಿರೆಯ ಬಸದಿಗಳನ್ನು ಕಂಡವರಿಗೆ ಈ ಶೈಲಿಯ ಪರಿಚಯ ಇರುತ್ತದೆ.

ಇದು ಕೇತಪೈ ನಾರಾಯಣ ದೇವಸ್ಥಾನ, 16ನೇ ಶತಮಾನದ ನಡುಭಾಗದ್ದು. ಪುರಾತತ್ತ್ವ ಇಲಾಖೆಯ ನೀಲಿ ಫಲಕ ಬಾಗಿಲಲ್ಲೇ ಇದೆ. ಹೊರಗೋಡೆಯ ಸುತ್ತ ರಾಮಾಯಣ. ಗೇಣುದ್ದದ ಆಕೃತಿಗಳು, ಒತ್ತಾಗಿ, ಒಬ್ಬರ ಭುಜಕ್ಕೆ ಇನ್ನೊಬ್ಬರ ಭುಜ ತಾಗುವ ಹಾಗೆ. ಬೇಲೂರು ಹಳೇಬೀಡಿನ ಮೆದುಕಲ್ಲಿನ ನಾಜೂಕು ಇದರಲ್ಲಿ ಹುಡುಕಬಾರದು. ಕಲ್ಲು ಗಡುಸು, ಉಳಿ ಅಲ್ಲಲ್ಲಿ ಸೋತಿದೆ. ಅದಕ್ಕೆ ಬದಲಾಗಿ ಬೇರೊಂದು ಸೊಗಸಿದೆ. ಮುಖಗಳು ದುಂಡು, ಕಣ್ಣು ಅಗಲ, ಕೈಕಾಲು ಗಿಡ್ಡ, ಮದ್ದಲೆಯವನ ಹೊಟ್ಟೆ ಮದ್ದಲೆಯಷ್ಟೇ ಗುಂಡಗೆ. ಆಸ್ಥಾನದ ಶಿಲ್ಪಿ ಕೆತ್ತಿದ್ದಕ್ಕಿಂತ ಊರಿನವರೇ ತಮ್ಮ ಮೆರವಣಿಗೆಯನ್ನು ಕೆತ್ತಿಸಿಕೊಂಡ ಹಾಗೆ ತೋರುತ್ತದೆ. ‘ಎಲ್ಲರೂ ಊಟ ಮಾಡಿ ಬಂದವರ ಹಾಗಿದ್ದಾರೆ’ ಎಂದು ಅತ್ತೆ ಒಂದೇ ಮಾತಿನಲ್ಲಿ ವಿಮರ್ಶೆ ಮುಗಿಸಿದರು. ಮಗಳು ಮೊಬೈಲು ಚೀಲಕ್ಕೆ ಹಾಕಿ ಗೋಡೆಯ ಸುತ್ತ ಒಬ್ಬಳೇ ನಡೆಯತೊಡಗಿದ್ದನ್ನು ನಾನು ನೋಡಿಯೂ ನೋಡದ ಹಾಗಿದ್ದೆ. ಹದಿನೇಳರ ಮಕ್ಕಳಿಗೆ ‘ನೋಡಿದೆಯಾ, ಚೆನ್ನಾಗಿದೆ ಅಲ್ವಾ’ ಎಂದರೆ ಆ ಕ್ಷಣಕ್ಕೇ ಅದು ಚೆನ್ನಾಗಿಲ್ಲದ್ದಾಗುತ್ತದೆ.

ಕೇತಪೈ ರಾಜನಲ್ಲ, ಸೇನಾಪತಿಯೂ ಅಲ್ಲ. ದುಡ್ಡಿದ್ದ ಒಬ್ಬ ಕೊಂಕಣಿಗ. ಭಟ್ಕಳದ ಗುಡಿಗಳ ಹೆಸರನ್ನೇ ಓದಿಕೊಂಡು ಹೋಗಿ: ಕೇತಪೈ ನಾರಾಯಣ, ಅಡಿಕೆ ನಾರಾಯಣ, ಶಾಂತಪ್ಪ ನಾಯಕನ ತಿರುಮಲ, ಪೇಟೆಯ ಕಡೆ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ದೇವರಿಗಿಂತ ಮುಂದೆ ಕಟ್ಟಿಸಿದವನ ಹೆಸರು. ಅರಸನ ಹೆಸರಿನಲ್ಲಿ ದೇವರಿರುವ ಊರು ನಾಡಿನ ತುಂಬ ಇವೆ. ವರ್ತಕರೂ ಸ್ಥಳೀಯ ನಾಯಕರೂ ಹೀಗೆ ಸಾಲಾಗಿ ತಮ್ಮ ಹೆಸರಿಟ್ಟ ಊರು ಕಡಿಮೆ. ಕಡಲು ಕಾಣದಿದ್ದರೂ ಇದು ಬಂದರು ಎಂದು ನನಗೆ ಮೊದಲು ಅನ್ನಿಸಿದ್ದು ಈ ಗೋಡೆಗಳ ಮುಂದೆಯೇ.

ಬಾಲಕ್ಕೂ ಬೆಲೆ

ಹಾಗಾದರೆ ಈ ದುಡ್ಡು ಬಂದದ್ದು ಎಲ್ಲಿಂದ? ಅಕ್ಕಿ, ಸಕ್ಕರೆ, ಕಬ್ಬಿಣ, ಮೆಣಸು. 1500ರ ನಂತರ ಈ ಕರಾವಳಿಯಲ್ಲಿ ಓಡಾಡಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಭಟ್ಕಳದ ಸರಕನ್ನು ವಿವರವಾಗಿ ಬರೆದಿದ್ದಾನೆ. ಹೊರಗೆ ಹೋಗುವ ಅಕ್ಕಿ, ಸಕ್ಕರೆಗೆ ಎದುರಾಗಿ ಒಳಗೆ ಬರುತ್ತಿದ್ದುದು ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನ ಕುದುರೆ. ದಖ್ಖನ್ನಿನ ಯುದ್ಧವೆಲ್ಲ ಕುದುರೆಯ ಮೇಲೆ ನಿಂತಿತ್ತು, ಒಳ್ಳೆಯ ಯುದ್ಧದ ಕುದುರೆ ನಮ್ಮ ಹವೆ, ನಮ್ಮ ಮೇವಿನಲ್ಲಿ ತಲೆಮಾರು ಬೆಳೆಯುತ್ತಿರಲಿಲ್ಲ. ಹೀಗಾಗಿ ಪ್ರತಿವರ್ಷ ಹೊಸದಾಗಿ ಕೊಳ್ಳಲೇಬೇಕು. ಉತ್ತರದ ದಾರಿ ಬಹಮನಿ ಸುಲ್ತಾನರ ಕೈಯಲ್ಲಿ. ವಿಜಯನಗರಕ್ಕೆ ಉಳಿದದ್ದು ಪಶ್ಚಿಮದ ಕಡಲು. ಅದರಲ್ಲೂ ಹೊನ್ನಾವರ, ಭಟ್ಕಳ.

ಕುದುರೆ ವ್ಯಾಪಾರಿಯೇ ಆಗಿದ್ದ ನೂನಿಜ್ ಎಂಬ ಪೋರ್ಚುಗೀಸನ ಬರಹದಲ್ಲಿ ವಿಜಯನಗರದ ಅರಸ ವರ್ಷಕ್ಕೆ ಹೊರ್ಮುಜ್‌ನ 13 ಸಾವಿರ ಕುದುರೆ ಕೊಳ್ಳುತ್ತಾನೆ ಎಂಬ ಲೆಕ್ಕವಿದೆ. ವ್ಯಾಪಾರಿಯ ಲೆಕ್ಕ, ಸ್ವಲ್ಪ ಉಬ್ಬಿದ್ದರೂ ಉಬ್ಬಿರಬಹುದು. ಅದಕ್ಕಿಂತ ಸ್ವಾರಸ್ಯವಾದದ್ದು ವಿಜಯನಗರದ ಹಿಂದಿನ ಅರಸ ಸಾಳುವ ನರಸಿಂಹನ ಬಗ್ಗೆ ಅವನು ಬರೆದಿರುವ ಮಾತು. ಕುದುರೆ ಬದುಕಿ ಬರಲಿ, ಸತ್ತು ಬರಲಿ, ಅರಸ ಬೆಲೆ ಕೊಡುತ್ತಿದ್ದನಂತೆ. ನಡುಗಡಲಿನಲ್ಲಿ ಸತ್ತದ್ದಾದರೆ ಬಾಲವೊಂದನ್ನು ಕೊಯ್ದು ತಂದು ತೋರಿಸಿದರೆ ಸಾಕು, ಪೂರ್ತಿ ಹಣ. ಇದನ್ನು ಮೂಡಭಟ್ಕಳದ ಜಗಲಿಯ ಮೇಲೆ ಕೂತು ಹೇಳಿದಾಗ ಮಗ ಮುರುಡೇಶ್ವರವನ್ನು ಅರ್ಧ ಗಂಟೆ ಮರೆತ. ‘ಹಾಗಾದರೆ ಮೋಸ ಮಾಡಬಹುದಿತ್ತಲ್ಲ? ಬೇರೆ ಯಾವುದೋ ಕುದುರೆಯ ಬಾಲ ತಂದು?’ ಎಂದ. ಅಪ್ಪ ಮಗ ಇಬ್ಬರೂ ಸೇರಿ ಬಾಲದ ವ್ಯಾಪಾರದಲ್ಲಿ ಎಷ್ಟು ಬಗೆಯಲ್ಲಿ ಮೋಸ ಮಾಡಬಹುದೆಂದು ಊಟದವರೆಗೂ ಯೋಜನೆ ಹಾಕುತ್ತಲೇ ಇದ್ದರು. ಅರಸನ ಜಾಣತನ ಮಾತ್ರ ಅವರಿಗೆ ಹೊಳೆಯಲಿಲ್ಲ. ದಾರಿಯ ನಷ್ಟವನ್ನು ಕೊಳ್ಳುವವನೇ ಹೊತ್ತರೆ ಹಡಗಿನವನು ಬೇರೆ ದೊರೆಯ ಬಂದರಿಗೆ ಯಾಕೆ ಹೋಗುತ್ತಾನೆ? ಅಕ್ಕಪಕ್ಕದಲ್ಲೇ ಶತ್ರುವಿಗೆ ಕುದುರೆ ಬೇಕಾಗಿದ್ದ ಕಾಲದಲ್ಲಿ ಇದಕ್ಕಿಂತ ಅಗ್ಗದ ಯುದ್ಧತಂತ್ರವಿಲ್ಲ.

ಹಂಪಿಗೆ ಹೋದವರು ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯ ಮೇಲೆ ಸಾಲುಗಟ್ಟಿದ ಕುದುರೆಗಳನ್ನು ನೋಡಿರುತ್ತೀರಿ. ಅವು ಎಲ್ಲಿ ಇಳಿದು, ಯಾವ ಘಟ್ಟ ಹತ್ತಿ, ಅಲ್ಲಿಗೆ ಬಂದವೆಂದು ಗೈಡುಗಳು ಹೇಳುವುದಿಲ್ಲ. ವಾರಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ನಿಂತು ಬಂದ ಪ್ರಾಣಿ ಇಲ್ಲಿಯ ಕೆಸರಿನ ಮೇಲೆ ಕಾಲಿಟ್ಟು, ಇಲ್ಲಿಯ ಹುಲ್ಲು ತಿಂದು ಸುಧಾರಿಸಿಕೊಂಡು, ಬೆಟ್ಟ ಹತ್ತಬೇಕಿತ್ತು. ಮೇಲಿನಿಂದ ಮೆಣಸಿನ ಚೀಲ ಹೊತ್ತ ಎತ್ತುಗಳು ಇಳಿಯುತ್ತಿದ್ದವು.

ಇಷ್ಟು ಹಣ ಓಡಾಡುವಲ್ಲಿಗೆ ಪರಂಗಿಗಳು ಬಾರದೆ ಇರುತ್ತಾರೆಯೇ? ವಾಸ್ಕೋ ಡ ಗಾಮ ಎರಡನೆಯ ಸಲ ಬಂದಾಗ, 1502ರಲ್ಲಿ, ಭಟ್ಕಳದ ಮೇಲೆ ಬಿದ್ದು ವರ್ಷವರ್ಷವೂ ಅಕ್ಕಿಯ ಕಪ್ಪ ಕೊಡಬೇಕೆಂದು ಒಪ್ಪಿಸಿದ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ ಮೇಲೆ ಕುದುರೆ ಹಡಗುಗಳೆಲ್ಲ ಗೋವೆಗೇ ಬರಬೇಕೆಂಬ ಕಟ್ಟಪ್ಪಣೆ ಬಂತು. ಅದೇ ವರ್ಷ ಅವನು ಲೂಯಿಸ್ ಎಂಬ ಪಾದ್ರಿಯನ್ನು ವಿಜಯನಗರಕ್ಕೆ ಕಳಿಸಿ ಭಟ್ಕಳ ಮಂಗಳೂರುಗಳ ನಡುವೆ ಎಲ್ಲಾದರೂ ಒಂದು ವ್ಯಾಪಾರದ ಕೋಠಿಗೆ ಜಾಗ ಕೇಳಿದ್ದ. ಬೇಡುವ ಕೈ, ಹೊಡೆಯುವ ಕೈ ಎರಡೂ ಅವರದೇ. 1542ರಲ್ಲಿ ಗವರ್ನರ್ ಮಾರ್ತಿಮ್ ಅಫೊನ್ಸೊ ಡಿ ಸೋಸಾ ದೊಡ್ಡ ಪಡೆಯೊಂದಿಗೆ ಬಂದು ಊರನ್ನೇ ಸುಟ್ಟ. ಕಪ್ಪ ಕೊಟ್ಟಿಲ್ಲ, ನಮ್ಮ ಶತ್ರುಗಳ ದೋಣಿಗೆ ಆಶ್ರಯ ಕೊಟ್ಟಿದ್ದೀರಿ ಎಂಬುದು ನೆಪ. ಕೇತಪೈ ನಾರಾಯಣ, ಶಾಂತಪ್ಪ ನಾಯಕನ ತಿರುಮಲ, ಜಟ್ಟಪ್ಪ ನಾಯಕನ ಬಸದಿ ಇವೆಲ್ಲ ಸರಿಸುಮಾರು ಆ ಬೆಂಕಿಯ ಆಸುಪಾಸಿನ ದಶಕಗಳವೇ. ಒಂದು ಕಡೆ ಊರು ಉರಿಯುತ್ತದೆ, ಇನ್ನೊಂದು ಕಡೆ ಊರಿನವರು ರಾಮಾಯಣ ಕೆತ್ತಿಸುತ್ತಾರೆ. ಸುಟ್ಟವರು ಹಡಗು ಹತ್ತಿ ಹೋದ ಮೇಲೆ ವ್ಯಾಪಾರ ಮತ್ತೆ ಕುದುರುವಷ್ಟು ಗಟ್ಟಿಯಾಗಿತ್ತೆನ್ನುವುದಕ್ಕೆ ಈ ಕಲ್ಲುಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸುಲ್ತಾನ್ ಸ್ಟ್ರೀಟಿನ ಮಧ್ಯಾಹ್ನ

ಪೇಟೆಗೆ ಬರುವಾಗ ಅತ್ತೆಯ ಊಟದ ಹೊತ್ತು ಮೀರಿತ್ತು. ಮೊದಲು ಸಿಕ್ಕ ಸಣ್ಣ ಹೋಟೆಲಿಗೆ ನುಗ್ಗಿದೆವು. ಅತ್ತೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಹಿಡಿದು ಕೂತರು. ನಾವು ಇಲ್ಲಿಯದೇ ಆದ ಶಾವಿಗೆ ಬಿರಿಯಾನಿ ಕೇಳಿದೆವು. ಅಕ್ಕಿಯ ಬದಲು ಶಾವಿಗೆ; ಕೆಳಗೆ ಮಸಾಲೆ, ಮೇಲೆ ಉದುರು ಉದುರಾದ ಎಳೆಗಳು. ಭಟ್ಕಳದ ಬಿರಿಯಾನಿಗೆ ಹೈದರಾಬಾದಿನ ಖಾರದ ಅಬ್ಬರ ಇಲ್ಲ. ಈರುಳ್ಳಿಯನ್ನು ಬಹಳ ಹೊತ್ತು ಬಾಡಿಸಿ ಬಾಡಿಸಿ ಅದರ ಸಿಹಿಯನ್ನೇ ಮಸಾಲೆಯ ತಳಕ್ಕೆ ಇಳಿಸಿರುತ್ತಾರೆ. ಮಗ ಎರಡನೆಯ ತಟ್ಟೆ ಕೇಳಿದ. ನವಾಯತರ ಅಡುಗೆಯ ಪೂರ್ತಿ ವೈಭವ ಹೋಟೆಲಿನಲ್ಲಿ ಸಿಗುವುದಿಲ್ಲ, ಮನೆಗೆ ಕರೆಸಿಕೊಳ್ಳಬೇಕು ಎಂದು ಪಕ್ಕದ ಮೇಜಿನಲ್ಲಿದ್ದ ಹಿರಿಯರು ಹೇಳಿದರು. ಅವರೇ ಕರೆದರೆ ಹೋಗುತ್ತಿದ್ದೆವು. ಅವರು ಕೈ ತೊಳೆಯಲು ಎದ್ದುಬಿಟ್ಟರು.

ನವಾಯತರು ಶತಮಾನಗಳ ಹಿಂದೆ ಕಡಲಾಚೆಯಿಂದ ವ್ಯಾಪಾರಕ್ಕೆ ಬಂದು, ಇಲ್ಲಿಯವರನ್ನು ಮದುವೆಯಾಗಿ, ಇಲ್ಲಿಯೇ ಬೇರುಬಿಟ್ಟ ಮುಸ್ಲಿಂ ವರ್ತಕರು. ಅವರ ನವಾಯತಿ ಭಾಷೆಯ ಒಡಲು ಕೊಂಕಣಿ, ಮೇಲೆ ಅರಬ್ಬಿ ಪಾರ್ಸಿಯ ಪದಗಳು, ಬರೆಯುವುದು ಅರಬ್ಬಿ ಮೂಲದ ಲಿಪಿಯಲ್ಲಿ. ಹೋಟೆಲಿನಲ್ಲಿ ಮಾಲಿಕರು ಹುಡುಗನನ್ನು ಗದರಿದ್ದು ನವಾಯತಿಯಲ್ಲಿ, ನಮ್ಮೊಡನೆ ಮಾತಾಡಿದ್ದು ಘಟ್ಟದ ಕೆಳಗಿನ ಕನ್ನಡದಲ್ಲಿ, ಫೋನಿನಲ್ಲಿ ಉರ್ದು. ಮೀನು ತಂದ ಹೆಂಗಸಿನ ಜೊತೆ ಚೌಕಾಸಿ ನಡೆಸಿದ್ದು ಇವೆಲ್ಲ ಕಲೆಸಿದ ಏನೋ ಒಂದರಲ್ಲಿ.

ಸುಲ್ತಾನ್ ಸ್ಟ್ರೀಟಿನ ಕಡೆ ನಡೆದೆವು. ಓಣಿಗಳು ಇಕ್ಕಟ್ಟು, ಹಳೆಯ ಮನೆಗಳ ಮಾಡು ತಗ್ಗು, ಕಿಟಕಿಗೆ ದಟ್ಟ ಮರದ ಸರಳು. ಅವುಗಳ ನಡುನಡುವೆ ಗಲ್ಫಿನ ದುಡ್ಡಿನಲ್ಲಿ ಎದ್ದ ಮೂರಂತಸ್ತಿನ ಮನೆಗಳು, ಹೊಳೆಯುವ ಗೇಟು, ಒಳಗೆ ಮುಚ್ಚಿದ ಬಾಗಿಲು. ಚಿನ್ನದಪಳ್ಳಿ ಎಂದು ಊರವರೆಲ್ಲ ಕರೆಯುವ ಹಳೆಯ ಜಾಮಿಯಾ ಮಸೀದಿ ಇಲ್ಲೇ. ತುದಿಯ ಕಲಶದ ಹೊನ್ನಿನಿಂದ ಆ ಹೆಸರು. ಹೊರಗೆ ನಿಂತು ನೋಡುತ್ತಿದ್ದಾಗ ಮಗಳು ‘ಇಷ್ಟು ದೊಡ್ಡ ದೊಡ್ಡ ಮನೆ, ಗಂಡಸರೇ ಕಾಣುವುದಿಲ್ಲವಲ್ಲ’ ಎಂದಳು. ದುಬೈಯಲ್ಲಿ ಇರುತ್ತಾರೆ ಎಂದೆ. 1801ರಲ್ಲಿ ಈ ದಾರಿಯಲ್ಲಿ ಹಾದುಹೋದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಭಟ್ಕಳದಲ್ಲಿ ಐನೂರು ಮನೆಗಳಿವೆ ಎಂದು ಬರೆಯುತ್ತಾನೆ. ಇಲ್ಲಿಯ ಮುಸಲ್ಮಾನರಲ್ಲಿ ಅನೇಕರು ಸ್ಥಿತಿವಂತರು, ಹೆಂಡತಿ ಮಕ್ಕಳನ್ನು ಇಲ್ಲಿ ಬಿಟ್ಟು ಕರಾವಳಿಯ ಬೇರೆ ಬೇರೆ ಕಡೆಗೆ ವ್ಯಾಪಾರಕ್ಕೆ ಹೋಗುತ್ತಾರೆ ಎಂದೂ ಸೇರಿಸುತ್ತಾನೆ. ಹಡಗಿನ ಬದಲು ವಿಮಾನ ಬಂದಿದೆ. ಬಂದರು ಹೂಳು ತುಂಬಿ ಸತ್ತರೂ ಬಂದರಿನ ಬಾಳುವೆಯ ಕ್ರಮ ಸಾಯಲಿಲ್ಲ. ಕುದುರೆ ಬರುತ್ತಿದ್ದ ಕೊಲ್ಲಿಗೇ ಈಗ ಮನುಷ್ಯರು ಹೋಗುತ್ತಾರೆ, ಅಲ್ಲಿಂದ ಹಣ ಬರುತ್ತದೆ.

ಭಟ್ಕಳ ಎಂದರೆ ಘಟ್ಟದ ಮೇಲಿನವರಿಗೆ ಇನ್ನೊಂದು ನೆನಪೂ ಉಂಟು. 1993ರ ಕೋಮುಗಲಭೆ ತಿಂಗಳುಗಟ್ಟಲೆ ನಡೆಯಿತು, ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ವಿಚಾರಣೆ ನಡೆಸಿತು. ಆಮೇಲೆ ಪತ್ರಿಕೆಯ ಶೀರ್ಷಿಕೆಗಳಲ್ಲಿ ಊರಿನ ಹೆಸರು ಬಂದದ್ದೆಲ್ಲ ಒಂದೇ ಬಗೆಯಾಗಿ. ‘ಅಲ್ಲೇನಿದೆ’ ಎಂದು ನಮ್ಮ ಮನೆಯಲ್ಲಿ ಕೇಳಿದ್ದರ ಹಿಂದೆ ಆ ಶೀರ್ಷಿಕೆಗಳೂ ಇದ್ದವು, ಸುಳ್ಳೇಕೆ. ನಡೆದದ್ದನ್ನು ನಡೆದಿಲ್ಲ ಎನ್ನಬೇಕಾಗಿಲ್ಲ. ಆದರೆ ರಾಮನವಮಿಗೆ ಇಲ್ಲಿಯ ಚನ್ನಪಟ್ಟಣ ಹನುಮಂತನ ತೇರೆಳೆಯುವ ಮುಂಚೆ ದೇವಸ್ಥಾನದವರು ಒಂದು ಮುಸ್ಲಿಂ ಮನೆತನಕ್ಕೆ ಹೋಗಿ ಆಹ್ವಾನ ಕೊಟ್ಟು ಬರುವ ಪದ್ಧತಿಯೂ ಇದೇ ಊರಿನದು. ಅದೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚಾಗಬೇಕಿತ್ತು ಎಂಬುದಷ್ಟೇ ನನ್ನ ತಕರಾರು.

ಗೋರಿ, ಚಹಾ, ಮೀನು

ಕಡಲು ಕಾಣಬೇಕೆಂದು ಮಗ ಮತ್ತೆ ಶುರುಮಾಡಿದ್ದರಿಂದ ಮಾವಿನಕುರ್ವೆ ಬಂದರಿಗೆ ಹೋದೆವು. ಹೊಳೆ ಕಡಲು ಸೇರುವ ಜಾಗ. ಒಂದು ಬದಿ ಗುಡ್ಡ, ಅದರ ಮೇಲೆ ದೀಪಸ್ತಂಭ. ಒಳಗೆ ಹೊಳೆಯ ನೀರಿನಲ್ಲಿ ಬಣ್ಣಬಣ್ಣದ ಮೀನುಗಾರಿಕೆ ಬೋಟುಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧ ಮುಗಿದು ಮೀನು ಹುಲುಸಾಗಿ ಬರುವ ಕಾಲ. ಬಲೆ ಹೊಲಿಯುವವರು, ಐಸು ಒಡೆಯುವವರು, ಬುಟ್ಟಿ ಹೊರುವವರು. ಯಾರಿಗೂ ನಮ್ಮ ಕಡೆ ನೋಡಲು ಪುರುಸೊತ್ತಿಲ್ಲ. ಇದು ನನಗೆ ಬಹಳ ಹಿಡಿಸಿತು. ಪ್ರವಾಸಿಗರನ್ನು ಕಂಡು ಕಡಲೆಕಾಯಿ ಮಾರಲು ಓಡಿಬರದ ಕಡಲತೀರ ನಮ್ಮಲ್ಲಿ ಇನ್ನೆಷ್ಟು ಉಳಿದಿವೆ?

ಈ ಅಳಿವೆಯ ಆಳಕ್ಕೆ ಆಗಿನ ಮರದ ಹಡಗು ಸಾಕಾಗುತ್ತಿತ್ತು. ಮೇಲಿನಿಂದ ಹೊಳೆ ತರುವ ಮಣ್ಣು, ಕಡಲು ತಳ್ಳುವ ಮರಳು ಎರಡೂ ಸೇರಿ ಬಾಯಿ ಕಟ್ಟುತ್ತ ಹೋಯಿತು. 1565ರ ತಾಳಿಕೋಟೆ ಯುದ್ಧದ ನಂತರ ಹಂಪಿ ಹಾಳಾಗಿ, ಕುದುರೆ ಕೊಳ್ಳುವ ದೊಡ್ಡ ಗಿರಾಕಿಯೇ ಇಲ್ಲವಾದ. ಪೋರ್ಚುಗೀಸರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿಕೊಂಡರು. ಹೂಳಿಗೆ ಬೈಯುವುದು ಸುಲಭ; ಗಿರಾಕಿ ಇದ್ದಿದ್ದರೆ ಹೂಳನ್ನೂ ಎತ್ತುತ್ತಿದ್ದರೇನೋ.

ಬಂದರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಇಂಗ್ಲಿಷರ ಕಥೆ ಹೇಳಿದೆ. ಪೋರ್ಚುಗೀಸರ ನಂತರ, 1637ರಲ್ಲಿ, ವೆಡೆಲ್ ಎಂಬ ಕಪ್ತಾನನ ಹಡಗುಗಳು ಭಟ್ಕಳಕ್ಕೆ ಬಂದವು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲ. ಅದರ ಎದುರಾಳಿ ಕೋರ್ಟೀನ್ ಎಂಬವನ ಕೂಟದವು. ಅವರ ಕಡೆಯವರು ಘಟ್ಟ ಹತ್ತಿ ನಮ್ಮ ಇಕ್ಕೇರಿಗೆ ಬಂದು ವೀರಭದ್ರ ನಾಯಕನನ್ನು ಕಂಡು ಇಲ್ಲಿ ಕೋಠಿ ಇಡಲು, ಮೆಣಸು ಕೊಳ್ಳಲು ಅಪ್ಪಣೆ ಪಡೆದರು. ಆ ಹಡಗಿನಲ್ಲಿದ್ದ ಪೀಟರ್ ಮಂಡಿ ಎಂಬವನು ಕಂಡದ್ದನ್ನೆಲ್ಲ ಬರೆದಿಟ್ಟ. ನಾವು ಬೆಳಿಗ್ಗೆ ಇಳಿದ ಘಟ್ಟದ ಸಾಲನ್ನೇ ಅವನು ಹತ್ತಿ ಇಳಿದಿದ್ದ, ಕಾರಿಲ್ಲದೆ. ಅದೇ ಹಡಗುಗಳು ಇಲ್ಲಿಂದ ಚೀನಾದ ಕ್ಯಾಂಟನ್ನಿಗೆ ಹೋದವು. ಅಲ್ಲಿ ಎಲೆ ಕುದಿಸಿದ ಬಿಸಿನೀರೊಂದನ್ನು ಕುಡಿದ ಸಂಗತಿಯನ್ನು ಮಂಡಿ ದಾಖಲಿಸುತ್ತಾನೆ. ಚಹಾದ ರುಚಿ ಕಂಡು ಬರೆದ ಮೊದಮೊದಲ ಇಂಗ್ಲಿಷರಲ್ಲಿ ಅವನೊಬ್ಬ. ನಮ್ಮ ಮುಂದಿನ ಗ್ಲಾಸಿನಲ್ಲಿ ಏಲಕ್ಕಿ ಹಾಕಿದ ಚಹಾ ಇತ್ತು, ಸಕ್ಕರೆ ಸ್ವಲ್ಪ ಜಾಸ್ತಿಯೇ.

ಭಟ್ಕಳದ ಇಂಗ್ಲಿಷರ ಗೋರಿಗಳ ಬಗ್ಗೆ ಒಂದು ರಕ್ತಸಿಕ್ತ ಕಥೆ ಚಾಲ್ತಿಯಲ್ಲಿದೆ. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಕಪ್ತಾನ 1727ರ ತನ್ನ ಪುಸ್ತಕದಲ್ಲಿ ಅದನ್ನು ಹೇಳಿದ. 1670ರಲ್ಲಿ ಕೋಠಿಯ ಇಂಗ್ಲಿಷರ ನಾಯಿ ಒಂದು ಹಸುವನ್ನು ಕೊಂದಿತು, ಸಿಟ್ಟಿಗೆದ್ದ ಜನ ಹದಿನೆಂಟು ಇಂಗ್ಲಿಷರನ್ನು ಕೊಂದರು ಎಂದು. ಆದರೆ 1883ರ ಕೆನರಾ ಗೆಜೆಟಿಯರ್ ದಾಖಲಿಸುವ ಗೋರಿಗಳ ಮೇಲಿನ ಇಸವಿ 1637, 1638. ನಾಯಿಗೆ ಮೂವತ್ತು ವರ್ಷ ಮೊದಲೇ ಸತ್ತವರು ಅವರು. ಜ್ವರವೋ ಭೇದಿಯೋ ತೆಗೆದುಕೊಂಡು ಹೋಗಿರಬೇಕು. ಮಗನಿಗೆ ನಾಯಿಯ ಕಥೆಯೇ ಇಷ್ಟವಾಯಿತು. ಮಗಳು ಮಾತ್ರ ‘ಜ್ವರ ಬಂದು ಸತ್ತರು ಎಂದರೆ ಯಾರು ಪುಸ್ತಕ ಕೊಳ್ಳುತ್ತಾರೆ?’ ಎಂದಳು. ಇತಿಹಾಸ ಬರೆಯುವವರಿಗೆ ಇದಕ್ಕಿಂತ ಕಟುವಾದ ಮಾತನ್ನು ನಾನು ಈಚೆಗೆ ಕೇಳಿಲ್ಲ.

ಅಷ್ಟರಲ್ಲಿ ಅತ್ತೆ ಕಾಣೆಯಾಗಿದ್ದರು. ಹುಡುಕಿದರೆ ಒಣಮೀನಿನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಬಂಗುಡೆಯ ಬೆನ್ನು ಒತ್ತಿ ನೋಡುತ್ತಿದ್ದಾರೆ. ಮಾರುವಾಕೆ ಹೇಳಿದ ಬೆಲೆಗೆ ಇವರು ಎದ್ದು ನಿಂತರು. ಆಕೆ ತಿರುಗಿಯೂ ನೋಡಲಿಲ್ಲ. ಇವರು ಮತ್ತೆ ಕೂತರು. ಆಕೆ ಕೊಂಕಣಿಯಲ್ಲಿ ಪಕ್ಕದವಳಿಗೆ ಏನೋ ಅಂದಳು, ಪಕ್ಕದವಳು ನಕ್ಕಳು. ‘ನಂಗೂ ಅರ್ಥ ಆಗ್ತದೆ’ ಎಂದು ಅತ್ತೆ ಸುಳ್ಳೇ ಬಿಟ್ಟರು. ಬೆಲೆ ಇಳಿಯಿತು. ಒಣಸಿಗಡಿ ತೂಗಿದ ಮೇಲೆ ಕೊಸರಿಗೆಂದು ಇವರು ಹಿಡಿ ತುಂಬ ಎತ್ತಿಕೊಂಡರು, ಆಕೆ ಅರ್ಧ ಹಿಡಿ ವಾಪಸ್ ಕಿತ್ತುಕೊಂಡಳು. ಮೊದಲ ದಿನವೇ ಇಬ್ಬರಿಗೂ ಇಷ್ಟು ಸಲಿಗೆ ಹೇಗೆ ಬಂತೆಂದು ನನಗಿನ್ನೂ ತಿಳಿದಿಲ್ಲ.

ಮುರುಡೇಶ್ವರಕ್ಕೆ ಹೊತ್ತು ಉಳಿಯಲಿಲ್ಲ. ಶಿವನನ್ನು ಮುಂದಿನ ರಜೆಗೆ ಬಾಕಿ ಇಟ್ಟುಕೊಂಡು, ಕತ್ತಲಾಗುವ ಮೊದಲು ಘಟ್ಟ ಸೇರಬೇಕೆಂದು ಹೊರಟೆವು. ಕುದುರೆ ಹತ್ತಿದ ದಾರಿಯಲ್ಲಿ ಈ ಸಲ ಡಿಕ್ಕಿಯ ತುಂಬ ಬಂಗುಡೆ, ಸಿಗಡಿ. ಹಾಡುವಳ್ಳಿ ದಾಟುವ ಮೊದಲೇ ಮಗಳು ಮೂಗಿಗೆ ದುಪಟ್ಟಾ ಕಟ್ಟಿಕೊಂಡಳು. ಸತ್ತ ಸರಕಿಗೂ ಪೂರ್ತಿ ಬೆಲೆ ಕೊಟ್ಟವರು ಸಾಳುವ ನರಸಿಂಹನ ನಂತರ ಅಜ್ಜಿಯೇ ಎಂದು ಅವಳು ಅಂದದ್ದಕ್ಕೆ ಅತ್ತೆ ಬಡಪೆಟ್ಟಿಗೆ ಜಗ್ಗಲಿಲ್ಲ. ‘ಬಾಲ ಮಾತ್ರ ಅಲ್ಲ, ತಲೆಯೂ ಇದೆ, ನೋಡಿ ತಂದಿದ್ದೇನೆ’ ಎಂದರು. ಕಾರ್ಗಲ್ ಬರುವವರೆಗೂ ನಾಲ್ಕೂ ಕಿಟಕಿ ತೆರೆದೇ ಇದ್ದವು.